ಅಂಕಿತವಿಲ್ಲದ ಮಟ್ಟುಗಳು

ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನವಿರಲಿ, ಬಸವ ಜಯಂತಿಯಿರಲಿ, ವಚನಗಾಯನವಿಲ್ಲದೆ ಕಾರ್ಯಕ್ರಮವನ್ನು ಆರಂಭಿಸುವ ರೂಢಿ ಈ ಭಾಗದಲ್ಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮಠದ ಶಾಲೆಗಳಲ್ಲಿ ಓದಿ ಹೋದವರು ಉಳಿದ ಪಾಠಗಳನ್ನು ಮರೆತರೂ ಪ್ರಾರ್ಥನೆಯ ವೇಳೆಗೆ ಹಾಡಿದ ನಾಲ್ಕಾರು ವಚನಗಳನ್ನು ಮರೆಯುವುದಿಲ್ಲ. ಅವು ಹಾಗೆ ಮನದಲ್ಲಿ ನೆಲೆನಿಲ್ಲಲು ಮಾತಿನ ಸತ್ವದೊಂದಿಗೆ ಮಟ್ಟಿನ ಸತ್ವವೂ ಕಾರಣವೆಂಬುದು ನಿರ್ವಿವಾದ. ಆದರೆ ಆಮಂತ್ರಣ ಪತ್ರಿಕೆಯನ್ನು ತೆರೆದು ನೋಡಿದರೆ, 'ವಚನಗಾಯನ: ವಿದ್ಯಾರ್ಥಿನಿಯರಿಂದ' ಎಂಬಷ್ಟು ಮಾತ್ರ ಅಲ್ಲಿರುತ್ತದೆ. ವಚನವು ಯಾರದೆಂಬುದನ್ನು ಅದರ ಅಂಕಿತವೇ ಹೇಳುತ್ತದೆ. ಮಟ್ಟು ಯಾರದು? ಈ ಪ್ರಶ್ನೆಯನ್ನು ಕೇಳುವವರು ವಿರಳ. ಉತ್ತರ ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮಟ್ಟಿನ ವಿಷಯದಲ್ಲಿ ತೋರುವ ಈ ಔದಾಸೀನ್ಯವು ಸಣ್ಣ ಲೋಪವಲ್ಲ. ಅದರ ಗುರುತ್ವವನ್ನು ಅರಿಯಲು ದೂರದೇಶದ ಸಂಗೀತ ಚರಿತ್ರೆಯ ಒಂದು ಅಧ್ಯಾಯವನ್ನು ಅವಲೋಕಿಸುವುದು ಉಪಯುಕ್ತವಾದೀತು.

ರಮ್ಯಯುಗದ ಗೀತಗಳು

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಂಗೀತವನ್ನು ಚರಿತ್ರೆಕಾರರು ರೊಮ್ಯಾಂಟಿಕ್ ಯುಗದ ಸಂಗೀತವೆಂದು ಕರೆಯುತ್ತಾರೆ. ಕನ್ನಡ ವಿಮರ್ಶೆಯಲ್ಲಿ ರಮ್ಯ ಸಂಪ್ರದಾಯವೆಂದು ಪರಿಚಿತವಾದ ಮನೋಧರ್ಮವೇ ಅಲ್ಲಿ ಸ್ವರರೂಪವನ್ನು ತಾಳಿತು. ಅರಮನೆ, ಇಗರ್ಜಿಗಳ ಆಶ್ರಯದಲ್ಲಿ ಬೆಳೆದಿದ್ದ ಸಂಗೀತವು ಆ ಕಾಲದಲ್ಲಿ ಸಾಮಾನ್ಯ ಗೃಹಸ್ಥನ ಅಂಗಳಕ್ಕೆ ಇಳಿಯಿತು. ದೊಡ್ಡ ವಾದ್ಯಮೇಳದ ಸಿಂಫನಿಯ ಜೊತೆಗೆ ಸಣ್ಣ ಸಣ್ಣ ಪ್ರಕಾರಗಳಿಗೆ ಮನ್ನಣೆ ದೊರೆಯಿತು. ಅವುಗಳಲ್ಲಿ ಮುಖ್ಯವಾದುದು ಜರ್ಮನ್ ಭಾಷೆಯಲ್ಲಿ 'ಲೀಡ್' ಎಂದು ಕರೆಯುವ ಗೀತಪ್ರಕಾರ. ಒಬ್ಬ ಕವಿಯ ಕವಿತೆ, ಒಂದು ಕಂಠ, ಒಂದು ಪಿಯಾನೊ, ಇಷ್ಟೇ ಅದರ ಸಾಮಗ್ರಿ.

ಈ ಪ್ರಕಾರವನ್ನು ಶಿಖರಕ್ಕೆ ಏರಿಸಿದವನು ಫ್ರಾಂಜ್ ಶೂಬರ್ಟ್. 1797ರಲ್ಲಿ ವಿಯೆನ್ನಾದಲ್ಲಿ ಜನಿಸಿ, 1828ರಲ್ಲಿ ಕೇವಲ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ಈತನು ರಚಿಸಿದ ಗೀತಗಳ ಸಂಖ್ಯೆ ಆರುನೂರಕ್ಕೂ ಮಿಗಿಲು. ಅಧ್ಯಾಪಕ ಬಂಧುಗಳಿಗೆ ಆಸಕ್ತಿಯ ಸಂಗತಿಯೆಂದರೆ ಶೂಬರ್ಟನು ಕನ್ನಡ ಶಾಲೆಯ ಮಾಸ್ತರರಂತೆಯೇ ತಂದೆಯ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಸಹಾಯಕ ಶಿಕ್ಷಕನಾಗಿದ್ದನು. ಆ ವೃತ್ತಿಯಲ್ಲಿದ್ದಾಗಲೇ, 1815ನೆಯ ಒಂದೇ ವರ್ಷದಲ್ಲಿ, ನೂರನಾಲ್ವತ್ತರಷ್ಟು ಗೀತಗಳಿಗೆ ಸ್ವರ ಹಾಕಿದನು.

ಆತನ ಕೌಶಲವು ಮಾತಿನ ಅರ್ಥಕ್ಕೆ ಮಟ್ಟನ್ನು ಸೇವಕನಾಗಿಸುವುದರಲ್ಲಿತ್ತು. ಮಹಾಕವಿ ಗಯಟೆಯ ಕಾವ್ಯದಲ್ಲಿ ತರುಣಿಯೊಬ್ಬಳು ರಾಟಿಯ ಮುಂದೆ ಕುಳಿತು ನೂಲುತ್ತ ತನ್ನ ಪ್ರಿಯನನ್ನು ನೆನೆಯುವ ಸನ್ನಿವೇಶವಿದೆ. 1814ರಲ್ಲಿ, ಹದಿನೇಳರ ಹರೆಯದಲ್ಲಿ, ಶೂಬರ್ಟನು ಅದಕ್ಕೆ ಸ್ವರಸಂಯೋಜನೆ ಮಾಡಿದನು. ಅಲ್ಲಿ ಪಿಯಾನೊ ರಾಟಿಯಾಗಿ ಸುತ್ತುತ್ತದೆ. ಪ್ರಿಯನ ಚುಂಬನದ ನೆನಪು ಬಂದ ಕ್ಷಣದಲ್ಲಿ ರಾಟಿ ನಿಂತುಬಿಡುತ್ತದೆ. ಬಳಿಕ ತಡವರಿಸುತ್ತ ಮತ್ತೆ ತಿರುಗಲಾರಂಭಿಸುತ್ತದೆ. ಮರುವರ್ಷ ರಚಿಸಿದ ಇನ್ನೊಂದು ಗೀತದಲ್ಲಿ ಕಥೆ ಹೇಳುವವನು, ತಂದೆ, ಮಗು, ಮಗುವನ್ನು ಕರೆಯುವ ಮಾಯಾವಿ ಈ ನಾಲ್ವರ ಧ್ವನಿಗಳನ್ನು ಒಬ್ಬನೇ ಗಾಯಕನು ಹಾಡಬೇಕು. ಪಿಯಾನೊ ಕುದುರೆಯ ನಾಗಾಲೋಟವನ್ನು ನುಡಿಯುತ್ತದೆ.

ಲೀಡಿನಲ್ಲಿ ಎರಡು ಬಗೆಗಳುಂಟು. ಪ್ರತಿಯೊಂದು ನುಡಿಗೂ ಒಂದೇ ಮಟ್ಟು ಮರಳಿ ಬರುವುದು ಒಂದು ಬಗೆ. ಅರ್ಥ ಬದಲಾದಂತೆ ಮಟ್ಟೂ ಬದಲಾಗುತ್ತ ಕೊನೆಯವರೆಗೆ ಹರಿಯುವುದು ಇನ್ನೊಂದು ಬಗೆ. ಯಾವ ಕವಿತೆಗೆ ಯಾವ ಬಗೆ ಸಲ್ಲುವುದೆಂಬ ವಿವೇಚನೆಯೇ ಸಂಯೋಜಕನ ಪರೀಕ್ಷೆ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರಕ್ಕೆ ಅನುಕೂಲವಾಗುತ್ತದೆ.

ಶೂಬರ್ಟನ ತರುವಾಯ ರಾಬರ್ಟ್ ಶೂಮನ್ನನು 1840ನೆಯ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಗೀತಗಳನ್ನು ರಚಿಸಿದನು. ಪೋಲೆಂಡಿನ ಫ್ರೆಡರಿಕ್ ಶೋಪ್ಯಾನನು ಶಾಲೆಯ ಬೇಸಿಗೆಯ ರಜೆಯಲ್ಲಿ ಹಳ್ಳಿಗೆ ಹೋದಾಗ ಒಕ್ಕಲಿಗರ ಹಾಡು ಕುಣಿತಗಳನ್ನು ಕೇಳಿದ್ದನು. 1830ರಲ್ಲಿ ತಾಯ್ನಾಡನ್ನು ತೊರೆದು, ಮತ್ತೆ ಅಲ್ಲಿಗೆ ಮರಳದೆ, 1849ರಲ್ಲಿ ಪ್ಯಾರಿಸಿನಲ್ಲಿ ಮೃತನಾದ ಆತನು ಮಜುರ್ಕಾ ಎಂಬ ಹಳ್ಳಿಯ ಕುಣಿತದ ಲಯದಲ್ಲಿ ಐವತ್ತಕ್ಕೂ ಹೆಚ್ಚು ಪಿಯಾನೊ ಕೃತಿಗಳನ್ನು ರಚಿಸಿದನು. ಭೂಪಟದಲ್ಲಿ ಸ್ವತಂತ್ರ ದೇಶವಾಗಿ ಉಳಿಯದಿದ್ದ ಪೋಲೆಂಡು ಅವನ ಸಂಗೀತದಲ್ಲಿ ಉಳಿಯಿತು.

ಇಲ್ಲಿ ಸ್ಮರಿಸಬೇಕಾದ ಮತ್ತೊಂದು ಘಟನೆಯಿದೆ. ಶೂಬರ್ಟನು ಸತ್ತು ಹತ್ತು ವರ್ಷಗಳು ಕಳೆದ ಮೇಲೆ ಶೂಮನ್ನನು ವಿಯೆನ್ನಾಕ್ಕೆ ಹೋಗಿ ಆತನ ಅಣ್ಣ ಫರ್ಡಿನಾಂಡನನ್ನು ಕಂಡನು. ಆ ಮನೆಯ ಹಸ್ತಪ್ರತಿಗಳ ರಾಶಿಯಲ್ಲಿ ಒಂದು ದೊಡ್ಡ ಸಿಂಫನಿ ದೊರೆಯಿತು. 1839ರ ಮಾರ್ಚ್ ತಿಂಗಳಲ್ಲಿ ಮೆಂಡೆಲ್ಸನ್ನನು ಅದನ್ನು ಲೈಪ್ಜಿಗ್ ನಗರದಲ್ಲಿ ನುಡಿಸಿದನು. ಸ್ವರಗಳು ಕಾಗದದ ಮೇಲೆ ಇದ್ದುದರಿಂದಲೇ ಸತ್ತವನ ಸಂಗೀತ ಹೀಗೆ ಎದ್ದು ಬರುವುದು ಸಾಧ್ಯವಾಯಿತು.

ವಿಜಯಪುರದ ನೆಲದಲ್ಲಿ

ವಿಜಯಪುರ ಜಿಲ್ಲೆಗೆ ಇಂಥ ಚರಿತ್ರೆ ಅಪರಿಚಿತವಲ್ಲ. ಯುರೋಪಿನ ರಮ್ಯಯುಗವು ಜನರ ನುಡಿಗೆ, ಜನರ ಹಾಡಿಗೆ ತೋರಿದ ಪ್ರೀತಿಯನ್ನೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಜಿಲ್ಲೆಯೂ ತೋರಿತು. ವಕೀಲರಾಗಿ ವಿಜಯಪುರದಲ್ಲಿ ನೆಲೆಸಿದ ಡಾ. ಫ.ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಸ್ಥಾಪಿಸಿದರು. ಅದೇ 1926ರಲ್ಲಿ ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಪುಸ್ತಕರೂಪದಲ್ಲಿ ಬಂದು, ಆಂಗ್ಲ ರಮ್ಯ ಕವಿಗಳ ದನಿಯನ್ನು ಕನ್ನಡಕ್ಕೆ ತಂದಿತು.

ಅದೇ ಕಾಲದಲ್ಲಿ, ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಒಕ್ಕಲಿಗರ ಮನೆಯಲ್ಲಿ, ಹೊಲದಲ್ಲಿ, ಬೀಸುವ ಕಲ್ಲಿನ ಬಳಿಯಲ್ಲಿ ಕೇಳಿದ ಹಾಡುಗಳನ್ನು ಬರೆದುಕೊಂಡರು. ಅವರ ಶ್ರಮದ ಫಲವಾಗಿ 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ ಸಂಗ್ರಹವಾದ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಪ್ರಕಟಗೊಂಡವು. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಜನಿಸಿದ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ 'ಸಮಗ್ರ ವಚನ ಸಂಪುಟ'ಗಳು ಹದಿನೈದು ಸಂಪುಟಗಳಾಗಿ ಬಂದವು. ಬಸವನ ಬಾಗೇವಾಡಿಯ ಸಮೀಪದ ಇಂಗಳೇಶ್ವರದಲ್ಲಿ ವಚನಗಳನ್ನು ಶಿಲೆಯ ಮೇಲೆಯೇ ಕೆತ್ತಿಸಲಾಗಿದೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ತಡಿಯ ನೀಲಮ್ಮತಾಯಿಯ ಸನ್ನಿಧಿಗೆ ಬರುವ ಭಕ್ತರು ಇಂದಿಗೂ ಶರಣೆಯರ ನುಡಿಗಳನ್ನು ನೆನೆಯುತ್ತಾರೆ. ಹೀಗೆ ತಾಳೆಗರಿಯಿಂದ ಕಾಗದಕ್ಕೆ, ಕಾಗದದಿಂದ ಕಲ್ಲಿಗೆ ಮಾತು ಸುರಕ್ಷಿತವಾಗಿ ಸಾಗಿಬಂದಿದೆ.

ಮಟ್ಟಿಗೆ ಈ ಭಾಗ್ಯ ದೊರೆಯಲಿಲ್ಲ. 'ಗರತಿಯ ಹಾಡು' ಓದುಗರ ಕೈಗೆ ಬಂದುದು ಅಕ್ಷರವಾಗಿ. ಅದನ್ನು ಹಾಡಿದ ತಾಯಂದಿರ ಧಾಟಿಯು ಪುಸ್ತಕದಲ್ಲಿ ಸೇರಲಿಲ್ಲ. ಹಲಸಂಗಿಯ ಗೆಳೆಯರನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯವಾದೀತು. ಧ್ವನಿಮುದ್ರಣದ ಸಾಧನ ಅಂದು ಹಳ್ಳಿಯ ತರುಣರ ಕೈಗೆ ಎಟಕುವಂತಿರಲಿಲ್ಲ. ಸ್ವರಲಿಪಿ ಬಲ್ಲವರು ಹಳ್ಳಿಗಳಲ್ಲಿರಲಿಲ್ಲ. ಜರ್ಮನಿಯಲ್ಲಿಯೂ ಹೀಗೆಯೇ ಆಗಿತ್ತು. ಆರ್ನಿಮ್ ಮತ್ತು ಬ್ರೆಂಟಾನೊ ಎಂಬ ಕವಿಮಿತ್ರರು 1805ರಿಂದ 1808ರವರೆಗೆ ಪ್ರಕಟಿಸಿದ ಪ್ರಸಿದ್ಧ ಜಾನಪದ ಗೀತಸಂಗ್ರಹದಲ್ಲಿಯೂ ಇದ್ದುದು ಮಾತು ಮಾತ್ರ. ಆದರೆ ಅಲ್ಲಿಯ ಜನ ಅಷ್ಟಕ್ಕೇ ನಿಲ್ಲಲಿಲ್ಲ. ಬ್ರಾಮ್ಸನು 1894ರಲ್ಲಿ ನಾಲ್ವತ್ತೊಂಬತ್ತು ಜಾನಪದ ಗೀತಗಳನ್ನು ಸ್ವರಸಹಿತವಾಗಿ ಪ್ರಕಟಿಸಿದನು. ಹಂಗೇರಿಯಲ್ಲಿ ಬಾರ್ಟೋಕ್, ಕೊಡಾಯ್ ಎಂಬ ಇಬ್ಬರು ತರುಣರು ಹಳ್ಳಿಹಳ್ಳಿಗೆ ಹೋಗಿ ರೈತರ ಹಾಡಿನ ಮಟ್ಟುಗಳನ್ನೇ ಸಂಗ್ರಹಿಸಿ, 1906ರಲ್ಲಿ ಮೊದಲ ಇಪ್ಪತ್ತು ಗೀತಗಳನ್ನು ಹೊರತಂದರು. ಹಲಸಂಗಿಯ ಕಾರ್ಯಕ್ಕೆ ಇಂಥ ಎರಡನೆಯ ಹೆಜ್ಜೆ ಬೇಕಾಗಿತ್ತು. ಆ ಹೆಜ್ಜೆಯನ್ನು ಈ ಜಿಲ್ಲೆಯ ವಿದ್ಯಾಸಂಸ್ಥೆಗಳು ಇನ್ನೂ ಪೂರ್ಣವಾಗಿ ಇಟ್ಟಿಲ್ಲ.

ಅದರ ಅವಸರವೂ ಸ್ಪಷ್ಟವಾಗಿದೆ. ಶೂಬರ್ಟನ ಗೀತದಲ್ಲಿ ರಾಟಿಯು ಪಿಯಾನೊ ಆಗಬೇಕಾಯಿತು. ಬೀಸುವ ಪದದಲ್ಲಿ ಬೀಸುವ ಕಲ್ಲೇ ವಾದ್ಯ. ಕಲ್ಲಿನ ಗತಿಗೆ ತಕ್ಕಂತೆ ತ್ರಿಪದಿಯ ಲಯ. ಜೋಳ ಮುಗಿಯುವವರೆಗೆ ನುಡಿಯ ಮೇಲೆ ನುಡಿ. ಹಿಟ್ಟಿನ ಗಿರಣಿ ಊರಿಗೆ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಒಕ್ಕುವ ಯಂತ್ರ ಬಂದ ಮೇಲೆ ಕಣದ ಹಂತಿಯ ಹಾಡು ನಿಂತಿತು. ಹೆಣ್ಣುಮಕ್ಕಳ ಬೆನ್ನಿನ ನೋವು ಕಡಿಮೆಯಾದುದು ಸಂತೋಷದ ಸಂಗತಿ. ಕಲ್ಲು ಮರಳಿ ಬರಲೆಂದು ವಿವೇಕಿಯಾದ ಯಾರೂ ಆಶಿಸಲಾರರು. ಆದರೆ ಆ ದುಡಿಮೆಯೊಂದಿಗೆ ಹುಟ್ಟಿದ ಮಟ್ಟುಗಳು ಈಗ ವೃದ್ಧೆಯರ ಕಂಠದಲ್ಲಿ ಮಾತ್ರ ಉಳಿದಿವೆ. ಅವುಗಳಿಗೆ ಫರ್ಡಿನಾಂಡನ ಮನೆಯ ಹಸ್ತಪ್ರತಿಯ ರಾಶಿಯಿಲ್ಲ.

ವಚನಕ್ಕೆ ಸಲ್ಲುವ ಸಂಗೀತ

ವಚನಗಾಯನದ ಸ್ಥಿತಿ ಇದಕ್ಕಿಂತ ಉತ್ತಮವಾಗಿದೆ, ಆದರೆ ನಿಶ್ಚಿಂತವಾಗಿಲ್ಲ. ಅಂಧರಾದ ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ಲ ಕುಮಾರ ಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದು, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ದೀನದಲಿತರ ಮಕ್ಕಳಿಗೂ ಅಂಧರಿಗೂ ಸಂಗೀತದ ಬಾಗಿಲನ್ನು ತೆರೆದರು. ಪುಟ್ಟರಾಜ ಗವಾಯಿಗಳು (1914-2010) ಆ ದೀಪವನ್ನು ದೀರ್ಘಕಾಲ ಕಾಯ್ದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಈ ಪರಂಪರೆಯಿಂದ ಬಂದು ವಚನಗಳನ್ನು ಮನೆಮನೆಗೆ ಮುಟ್ಟಿಸಿದರು. ಮಲ್ಲಿಕಾರ್ಜುನ ಮನಸೂರರು (1910-1992) ಜಯಪುರ ಅತ್ರೌಲಿ ಘರಾಣೆಯ ಖ್ಯಾಲ ಗಾಯನದ ಸಮಸ್ತ ಸಂಸ್ಕಾರವನ್ನು ವಚನದ ಸೇವೆಗೆ ತಂದರು. 1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಯು ಇಂಥ ಗಾಯನವನ್ನು ಹಳ್ಳಿಗಳ ಕಿವಿಗೆ ಒಯ್ದಿತು. ಹಿಂದೂಸ್ತಾನಿ ರಾಗಗಳಲ್ಲಿ ವಚನವನ್ನು ಹಾಡುವ ಈ ಪ್ರಕಾರವು ಕನ್ನಡ ನಾಡು ಇಪ್ಪತ್ತನೆಯ ಶತಮಾನದಲ್ಲಿ ಬೆಳೆಸಿದ ಹೊಸ ಗೀತಪ್ರಕಾರ. ಲೀಡಿನಂತೆ ಇದೂ ಸಣ್ಣ ರೂಪ. ಲೀಡಿನಂತೆ ಇಲ್ಲಿಯೂ ಅರ್ಥವೇ ಒಡೆಯ.

ವಚನವು ಛಂದಸ್ಸಿಗೆ ಕಟ್ಟುಬಿದ್ದ ಪದ್ಯವಲ್ಲ. ತಾನು ಲಯತಾಳಗಳ ಗಣಿತವನ್ನರಿಯದೆ ಪ್ರೀತಿಯಿಂದ ಹಾಡುವವನೆಂಬ ಭಾವವನ್ನು ಬಸವಣ್ಣನವರೇ ವ್ಯಕ್ತಪಡಿಸಿದ್ದಾರೆ. ಹಾಡಲೆಂದೇ, ಪಲ್ಲವಿ ಸಹಿತವಾಗಿ, ರಾಗದ ಹೆಸರಿನೊಂದಿಗೆ ಶರಣರು ರಚಿಸಿದ ಸ್ವರವಚನಗಳು ಬೇರೆಯೇ ಇವೆ. ಸ್ವರವಚನಕ್ಕೆ ಪಲ್ಲವಿ ಸಹಜ. ತ್ರಿಪದಿಗೆ ಒಂದೇ ಮಟ್ಟಿನ ಪುನರಾವರ್ತನೆ ಸಹಜ. ಆದರೆ ವಚನವು ಒಂದು ಮಾತಿನಿಂದ ಇನ್ನೊಂದಕ್ಕೆ ಏರುತ್ತ, ಕೊನೆಯ ಮಾತಿನಲ್ಲಿ ನಿರ್ಣಯವನ್ನು ಕೊಟ್ಟು, ಅಂಕಿತದಲ್ಲಿ ವಿಶ್ರಮಿಸುವಂಥದು. ಲೀಡಿನ ಎರಡನೆಯ ಬಗೆಯಂತೆ, ಅರ್ಥದೊಡನೆ ಬದಲಾಗುತ್ತ ಹರಿಯುವ ಮಟ್ಟೇ ಅದಕ್ಕೆ ಯೋಗ್ಯ. ಹೀಗಿದ್ದೂ ಇಂದು ಅನೇಕ ಸಮಾರಂಭಗಳಲ್ಲಿ ಮೊದಲ ಸಾಲನ್ನೇ ಪಲ್ಲವಿಯಾಗಿಸಿ, ಪ್ರತಿ ಮಾತಿನ ಬಳಿಕ ಅದಕ್ಕೆ ಮರಳಿ, ಕೊನೆಗೂ ಅದರಲ್ಲಿಯೇ ಮುಗಿಸುವ ಪದ್ಧತಿ ಬಂದಿದೆ. ಸಿರಿವಂತರು ಗುಡಿ ಕಟ್ಟಿಸುವ ಮಾತಿನಿಂದ ಆರಂಭವಾಗಿ, ಶರೀರವೇ ಗುಡಿಯೆಂಬ ಅರಿವಿಗೆ ಏರಿ, ಸ್ಥಾವರ ಜಂಗಮಗಳ ತೀರ್ಮಾನದಲ್ಲಿ ನಿಲ್ಲುವ ಬಸವಣ್ಣನವರ ವಚನವನ್ನು ಹೀಗೆ ಹಾಡಿದರೆ ಪರಿಣಾಮವೇನು? ಗಾಯನ ಮುಗಿದಾಗ ಶ್ರೋತೃವಿನ ಕಿವಿಯಲ್ಲಿ ಉಳಿಯುವುದು ಜಂಗಮವಲ್ಲ, ಸಿರಿವಂತರ ಗುಡಿ. ವಚನವನ್ನು ಅದರ ವಿರುದ್ಧವೇ ಹಾಡಿದಂತಾಯಿತು.

ಇದಕ್ಕಿಂತ ಮಿಗಿಲಾದ ಅಪಾಯವೆಂದರೆ ಜನಪ್ರಿಯ ಚಲಚ್ಚಿತ್ರ ಗೀತದ ಮಟ್ಟಿಗೆ ವಚನದ ಮಾತುಗಳನ್ನು ತುರುಕುವುದು, ಅಥವಾ ಮೊಬೈಲಿನಿಂದ ಸಿದ್ಧ ವಾದ್ಯಸಂಗೀತವನ್ನು ಹಚ್ಚಿ, ಅದರ ಓಟಕ್ಕೆ ಮಕ್ಕಳ ಬಾಯನ್ನು ಓಡಿಸುವುದು. ಮಕ್ಕಳದು ಇದರಲ್ಲಿ ತಪ್ಪಿಲ್ಲ. ಕಲಿಸುವವರು ಇಲ್ಲದ ಕಡೆ ದೊರೆತುದನ್ನು ಕಲಿಯುವುದು ಬಾಲಸಹಜವಾದುದು.

ಆಕ್ಷೇಪಗಳ ವಿಚಾರ

ಮಟ್ಟು ಕಟ್ಟಿದವರ ಹೆಸರು ಹೇಳಬೇಕೆಂಬ ಮಾತಿಗೆ ಕೆಲವು ಆಕ್ಷೇಪಗಳು ಬರಬಹುದು. ಶರಣರು ಕೀರ್ತಿಯನ್ನು ಬಯಸಿದವರಲ್ಲ. ಅವರ ನುಡಿಯನ್ನು ಹಾಡುವವರಿಗೆ ಹೆಸರಿನ ಹಂಬಲವೇಕೆ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ವಚನದಲ್ಲಿಯೇ ಇದೆ. ಅಂಕಿತವು ಅಹಂಕಾರದ ಮುದ್ರೆಯಲ್ಲ. ಅದು ಇಷ್ಟದೈವಕ್ಕೆ ಮಾಡಿದ ಸಮರ್ಪಣೆ. ಆದರೂ ಆ ಸಮರ್ಪಣೆಯ ಬಲದಿಂದಲೇ ಇದು ಬಸವಣ್ಣನವರದು, ಇದು ಅಕ್ಕನದು, ಇದು ಅಲ್ಲಮರದು ಎಂದು ಎಂಟು ಶತಮಾನಗಳ ತರುವಾಯ ಹೇಳಲು ಸಾಧ್ಯವಾಗಿದೆ. ಮಟ್ಟಿಗೂ ಅಂಥ ಒಂದು ಗುರುತು ಇರಬೇಕೆನ್ನುವುದು ಪ್ರಾಮಾಣಿಕತೆಯ ಮಾತು. ಶಾಲೆಗೆ ಬೀಸಣಿಕೆ ಕೊಟ್ಟ ದಾನಿಯ ಹೆಸರನ್ನು ಅದರ ರೆಕ್ಕೆಯ ಮೇಲೆ ಬರೆಸುವ ಸಂಸ್ಥೆಗಳು, ನಿತ್ಯ ಪ್ರಾರ್ಥನೆಗೆ ಮಟ್ಟು ಕೊಟ್ಟ ಮಾಸ್ತರರ ಹೆಸರನ್ನು ಒಂದು ಕಾಗದದ ಮೇಲಾದರೂ ಬರೆಯಬೇಡವೇ?

ಸ್ವರಲಿಪಿಯಲ್ಲಿ ಬರೆದರೆ ಸಂಗೀತ ಸೆರೆಯಾಗುತ್ತದೆ, ಮನಸೂರರ ಗಾಯನವನ್ನು ಕಾಗದ ಹಿಡಿಯಬಲ್ಲುದೇ ಎಂಬುದು ಎರಡನೆಯ ಆಕ್ಷೇಪ. ಹಿಡಿಯಲಾರದು, ನಿಜ. ಮೀಂಡು, ಗಮಕ, ಉಸಿರಿನ ನಿಲುಗಡೆ ಇವೆಲ್ಲ ಗುರುಮುಖದಿಂದಲೇ ಬರಬೇಕು. ಪಂಡಿತ ಭಾತಖಂಡೆಯವರು (1860-1936) ನೂರಾರು ಬಂದಿಶುಗಳನ್ನು ಸ್ವರಲಿಪಿಯಲ್ಲಿ ಬರೆದು ಪ್ರಕಟಿಸಿದರು. ಅದರಿಂದ ಖ್ಯಾಲ ಗಾಯನವು ಸಾಯಲಿಲ್ಲ. ಮನೆತನಗಳ ಪೆಟ್ಟಿಗೆಯಲ್ಲಿದ್ದ ಬಂದಿಶುಗಳು ಸಾಮಾನ್ಯ ವಿದ್ಯಾರ್ಥಿಗೆ ದೊರೆತವು. ಲಿಪಿಯು ಎಲುಬಿನ ಹಂದರ. ಮಾಂಸ ಮತ್ತು ಪ್ರಾಣವನ್ನು ಗಾಯಕನು ತುಂಬುತ್ತಾನೆ. ಶೂಬರ್ಟನ ಒಂದೇ ಗೀತವನ್ನು ಇಬ್ಬರು ಗಾಯಕರು ಒಂದೇ ರೀತಿಯಲ್ಲಿ ಹಾಡುವುದಿಲ್ಲ.

ಪಾಶ್ಚಾತ್ಯರ ಮಾದರಿ ಶರಣರ ನಾಡಿಗೆ ಏಕೆಂಬುದು ಮೂರನೆಯದು. ಅವರ ಸ್ವರಮೇಳವನ್ನು ಇಲ್ಲಿಗೆ ತರಬೇಕೆಂಬ ಸೂಚನೆ ಇಲ್ಲಿಲ್ಲ. ರಾಗದ ದಾರಿಯೇ ಬೇರೆ. ಹಾಡನ್ನು ದಾಖಲಿಸುವ ಶಿಸ್ತಾದರೋ ಈ ನೆಲಕ್ಕೆ ಹೊಸದೂ ಅಲ್ಲ. 1580ರಿಂದ 1627ರವರೆಗೆ ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ 'ಕಿತಾಬ್-ಎ-ನವರಸ್' ಗ್ರಂಥದಲ್ಲಿ ಗೀತಗಳನ್ನು ರಾಗಗಳ ಹೆಸರಿನಡಿಯಲ್ಲಿಯೇ ಜೋಡಿಸಿದ್ದಾನೆ. ಸ್ವರವಚನಗಳ ಹಸ್ತಪ್ರತಿಕಾರರೂ ರಾಗದ ಹೆಸರನ್ನು ಬರೆದಿಟ್ಟರು. ಆದರೆ ರಾಗದ ಹೆಸರು ಉಳಿದು ಮಟ್ಟು ಉಳಿಯದಿದ್ದರೆ, ಊರಿನ ಹೆಸರು ಗೊತ್ತಿದ್ದು ದಾರಿ ಮರೆತಂತಾಗುತ್ತದೆ. ಅವರು ಆರಂಭಿಸಿದ ಕಾರ್ಯವನ್ನು ಪೂರ್ತಿಗೊಳಿಸುವ ಸಾಧನಗಳು ಇಂದು ಕೈಯಲ್ಲಿವೆ.

ಶಾಲೆಗಳ ಕರ್ತವ್ಯ

ಈ ಕಾರ್ಯಕ್ಕೆ ವಿಶ್ವವಿದ್ಯಾಲಯವನ್ನು ಕಾಯ್ದು ಕೂಡ್ರಬೇಕಾಗಿಲ್ಲ. ಪ್ರತಿಯೊಂದು ಪ್ರೌಢಶಾಲೆಯಲ್ಲಿ ಒಂದು ಮಟ್ಟಿನ ವಹಿಯನ್ನು ಇಡಬಹುದು. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ದೀಪಾವಳಿಯ ಸೂಟಿಯಲ್ಲಿ ತಮ್ಮ ಮನೆಯ ಅಜ್ಜಿ, ಓಣಿಯ ಭಜನೆಯ ಮೇಳ, ಗೀಗೀ ಮೇಳದ ಹಿರಿಯರು, ಡೊಳ್ಳಿನ ಹಾಡಿನವರು ಇವರಿಂದ ಒಂದೊಂದು ಹಾಡನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಮುದ್ರಿಸಿಕೊಂಡು ಬರಲಿ. ಹಾಡಿದವರ ಹೆಸರು, ಊರು, ಯಾವ ಸಂದರ್ಭದ ಹಾಡು, ಯಾರಿಂದ ಕಲಿತದ್ದು ಎಂಬ ನಾಲ್ಕು ಸಂಗತಿಗಳನ್ನು ವಹಿಯಲ್ಲಿ ಬರೆಯಲಿ. ಸಂಗೀತ ಬಲ್ಲ ಶಿಕ್ಷಕರು ಇದ್ದಲ್ಲಿ ಅದನ್ನು ಭಾತಖಂಡೆ ಪದ್ಧತಿಯ ಸ್ವರಲಿಪಿಗೆ ಇಳಿಸಲಿ. ಇಲ್ಲದಿದ್ದಲ್ಲಿ ಧ್ವನಿಮುದ್ರಣವಾದರೂ ಎರಡು ಕಡೆ ಸುರಕ್ಷಿತವಾಗಿರಲಿ.

ಎರಡನೆಯದಾಗಿ, ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ವಚನಕಾರರು, ಮಟ್ಟು ಕಟ್ಟಿದವರು, ಹಾಡುವವರು ಎಂಬ ಮೂರು ಹೆಸರುಗಳನ್ನು ಅಚ್ಚು ಹಾಕಿಸುವ ಪದ್ಧತಿ ಬರಲಿ. ಮಟ್ಟು ಕಟ್ಟಿದವರು ತಿಳಿಯದಿದ್ದರೆ 'ಪರಂಪರಾಗತ' ಎಂದೋ, ಊರಿನ ಹೆಸರೋ ಇರಲಿ. ಇದರ ವೆಚ್ಚ ಒಂದು ಸಾಲಿನ ಶಾಯಿ. ಮಕ್ಕಳಿಗೆ ವಚನ ಕಲಿಸುವಾಗ ಮೊದಲು ಅರ್ಥವನ್ನು ಬಿಡಿಸಿ ಹೇಳಿ, ಮಾತು ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೋರಿಸಿ, ಆ ಬಳಿಕ ಸ್ವರ ಹೇಳುವುದು ಉಚಿತ.

ಮೂರನೆಯದು ದಾನಿಗಳಿಗೆ ಸಂಬಂಧಿಸಿದುದು. ಕೊಠಡಿ, ಮಹಾದ್ವಾರ, ನೀರಿನ ಟಾಕಿ ಇವುಗಳಿಗೆ ದೊರೆಯುವ ಉದಾರ ಹಸ್ತವು ಸಂಗೀತ ಶಿಕ್ಷಕರ ವೇತನಕ್ಕೂ ಚಾಚಬೇಕು. ಒಂದು ಪೇಟಿ, ಒಂದು ಜೋಡಿ ತಬಲಾ, ಒಬ್ಬ ಯೋಗ್ಯ ಗುರು ಇಷ್ಟಿದ್ದರೆ ಒಂದು ಶಾಲೆಯ ದನಿ ಬದಲಾಗುತ್ತದೆ. ಗದುಗಿನ ಆಶ್ರಮದಿಂದ ಕಲಿತು ಬಂದ ತರುಣ ಗಾಯಕರು ಅರೆಹೊಟ್ಟೆಯಲ್ಲಿರುವಾಗ, ಶಾಲೆಗಳು ಮೊಬೈಲಿನ ಸಂಗೀತಕ್ಕೆ ಶರಣಾಗುವುದು ಶೋಭಿಸದು. ಕಾಯಕಕ್ಕೆ ತಕ್ಕ ಪ್ರತಿಫಲವೂ ದಾಸೋಹದ ಒಂದು ಮುಖವೇ.

ಶೂಬರ್ಟನ ಸ್ವರಗಳು ಅಣ್ಣನ ಮನೆಯಲ್ಲಿ ಹತ್ತು ವರ್ಷ ಕಾಯ್ದು ಕುಳಿತವು, ಏಕೆಂದರೆ ಕಾಗದಕ್ಕೆ ಮುಪ್ಪು ನಿಧಾನವಾಗಿ ಬರುತ್ತದೆ. ಎಂಬತ್ತು ದಾಟಿದ ಕಂಠಕ್ಕೆ ಅಷ್ಟು ಕಾಯುವ ಶಕ್ತಿಯಿಲ್ಲ. ಹಳಕಟ್ಟಿಯವರೂ ಹಲಸಂಗಿಯ ಗೆಳೆಯರೂ ಮಾತನ್ನು ಉಳಿಸಿ ತಮ್ಮ ಪಾಲಿನ ಕಾಯಕವನ್ನು ಮುಗಿಸಿ ಹೋದರು. ಮಟ್ಟನ್ನು ಉಳಿಸುವ ಕಾಯಕವು ಈ ತಲೆಮಾರಿನ ಶಿಕ್ಷಕರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಪಾಲಿಗೆ ಬಂದಿದೆ. ಮುಂದಿನ ಸೂಟಿಗೆ ಮಕ್ಕಳು ಊರಿಗೆ ಹೊರಡುವ ಮುನ್ನ ವಹಿಯ ಮೊದಲ ಪುಟಕ್ಕೆ ಗೆರೆ ಎಳೆದು ಸಿದ್ಧಪಡಿಸಿದರೆ ಅದಕ್ಕೆ ಆರಂಭ ದೊರೆತಂತಾಗುತ್ತದೆ.